ಸಂತೆ ದಿನದ ಮೇಜು: ತಾಲ್ಲೂಕಿನಲ್ಲಿ ಮಾಜಿ ಸೈನಿಕರ ಸಂಘ ಕಟ್ಟಿ ನಡೆಸುವುದು ಹೇಗೆ

ಸಂತೆ ಮುಗಿಸಿ ಬಂದ ಅಜ್ಜಿ ಕಾಯಿಪಲ್ಲೆ ಚೀಲದ ತಳದಿಂದ ಇನ್ನೊಂದು ಪ್ಲಾಸ್ಟಿಕ್ ಚೀಲ ತೆಗೆಯುತ್ತಾರೆ. ಒಳಗೆ ಗಂಡನ ಡಿಸ್ಚಾರ್ಜ್ ಬುಕ್ (ಸೈನ್ಯ ಬಿಡುವಾಗ ಕೊಡುವ ದಾಖಲೆ ಪುಸ್ತಕ), ಬ್ಯಾಂಕ್ ಪಾಸ್‌ಬುಕ್, ಆಧಾರ್, ಎರಡು ಪದಕ, ಮಡಚಿ ಮಡಚಿ ಹರಿಯಲು ಬಂದ ಒಂದು ಪಿಪಿಒ, ಅಂದರೆ ಪಿಂಚಣಿ ಮಂಜೂರಾದ ಆದೇಶ ಪತ್ರ.

"ತಮ್ಮಾ, ಮಿಲ್ಟ್ರಿ ಪಿಂಚಣಿ ಕಾಗದ ನೋಡಾವ ನೀನೇನಪಾ?"

"ಹೌದ್ರಿ ಯವ್ವಾ, ಕೂಡ್ರಿ."

ಸಂತೆ ದಿನ ನಾವು ಹಾಕುವ ಈ ಮೇಜಿನಿಂದಲೇ ಸಂಘದ ಕೆಲಸ ಶುರುವಾಗುವುದು. ನಾನು ಸೈನ್ಯದಲ್ಲಿದ್ದದ್ದು ಕ್ಲರ್ಕ್ ಆಗಿ. ಬಂದೂಕಿಗಿಂತ ಟೈಪ್‌ರೈಟರ್ ಹಿಡಿದದ್ದೇ ಜಾಸ್ತಿ. ನಿವೃತ್ತಿಯಾಗಿ ಬೆಳಗಾವಿ ಜಿಲ್ಲೆಯ ನಮ್ಮ ತಾಲ್ಲೂಕಿಗೆ ಬಂದಾಗ, ಕಾಗದದ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವ ಜಿಲ್ಲೆ ಇದು. ಬಹಳ ಹಳ್ಳಿಗಳಲ್ಲಿ ಒಂದಲ್ಲ ಒಂದು ಮನೆಯಲ್ಲಿ ಫೌಜಿ ಇರುತ್ತಾರೆ. ಸವಲತ್ತುಗಳಿಗೆ ಕೊರತೆಯಿಲ್ಲ. ಕಾಗದ ಸರಿ ಇಲ್ಲದೆ ಅವು ಮನೆಗೆ ತಲುಪುವುದಿಲ್ಲ ಅಷ್ಟೇ. ನಿಮ್ಮ ತಾಲ್ಲೂಕಿನಲ್ಲೂ ಸಂಘ ಕಟ್ಟುವ ಯೋಚನೆ ಇದ್ದರೆ, ಅಥವಾ ಇರುವ ಸಂಘ ಆಗಸ್ಟ್ 15ಕ್ಕೆ ಮಾತ್ರ ಬಾಗಿಲು ತೆಗೆಯುತ್ತಿದ್ದರೆ, ಈ ಕ್ರಮದಲ್ಲಿ ಹೋಗಿ ನೋಡಿ.

ಮೊದಲು ರಿಜಿಸ್ಟರ್, ಆಮೇಲೆ ರಿಜಿಸ್ಟ್ರೇಶನ್

ಎಲ್ಲರೂ ಮೊದಲು ಅಧ್ಯಕ್ಷರು ಯಾರು ಅಂತ ಜಗಳ ಆಡುತ್ತಾರೆ. ಅದನ್ನು ಬಿಡಿ. ಒಂದು ದಪ್ಪ ಲಾಂಗ್ ಬುಕ್ ತಗೊಳ್ಳಿ. ಹಳ್ಳಿಗೊಬ್ಬರಂತೆ ನಾಲ್ಕೈದು ಜನ ಗೊತ್ತು ಮಾಡಿಕೊಂಡು ಮನೆಮನೆಗೆ ಹೋಗಿ ಬರೆಯಿರಿ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ "ಎಲ್ಲರೂ ವಿವರ ಕಳಿಸಿ" ಎಂದರೆ ನಿನ್ನೆ ಮೊನ್ನೆ ನಿವೃತ್ತರಾದವರು ಕಳಿಸುತ್ತಾರೆ. ನಿಮಗೆ ಬೇಕಾದವರು ಗ್ರೂಪಿನಲ್ಲಿ ಇರುವುದೇ ಇಲ್ಲ. ಅವರು 1971ರ ಯುದ್ಧ ನೋಡಿದವರು, ಅವರ ಹೆಂಡತಿಯರು, ಐದಾರು ವರ್ಷ ಕೆಲಸ ಮಾಡಿ ಪಿಂಚಣಿ ಇಲ್ಲದೆ ಮನೆಗೆ ಬಂದವರು.

ಸರ್ವಿಸ್ ನಂಬರ್, ರ‍್ಯಾಂಕ್, ರೆಜಿಮೆಂಟ್, ಯಾವ ರೆಕಾರ್ಡ್ ಆಫೀಸ್ (ಸೈನಿಕರ ಸೇವಾ ದಾಖಲೆ ಇಡುವ ಕಚೇರಿ), ಪಿಪಿಒ ನಂಬರ್, ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದೆಯೋ ಇಲ್ಲವೋ, ಪಿಂಚಣಿದಾರರು ಬದುಕಿದ್ದಾರೆ ಎಂದು ವರ್ಷಕ್ಕೊಮ್ಮೆ ಕೊಡುವ ಜೀವನ ಪ್ರಮಾಣ ಪತ್ರದ ಗಡುವು ಯಾವಾಗ. ಇಷ್ಟು ಸುಲಭ. ಇದರ ಜೊತೆಗೆ ಇನ್ನೂ ಮೂರು ಕಾಲಂ ಹಾಕಿ: ಹೆಂಡತಿಯ ಹೆಸರು ಡಿಸ್ಚಾರ್ಜ್ ಬುಕ್ಕಿನಲ್ಲಿ ಹೇಗಿದೆ, ಪಿಪಿಒದಲ್ಲಿ ಹೇಗಿದೆ, ಆಧಾರ್‌ನಲ್ಲಿ ಹೇಗಿದೆ. ಹುಟ್ಟಿದ ದಿನಾಂಕವನ್ನೂ ಹಾಗೆಯೇ ಮೂರು ಕಡೆ ನೋಡಿ.

ಯಾಕೆ ಅಂದರೆ, ನಮ್ಮ ಕಡೆ ಮನೆಯಲ್ಲಿ ಗಂಗವ್ವ. ಮದುವೆಯಾದ ವರ್ಷ ಯೂನಿಟ್ಟಿನಲ್ಲಿ ಯಾರೋ ಕ್ಲರ್ಕ್ 'ಗಂಗಾಬಾಯಿ' ಅಂತ ಬರೆದಿರುತ್ತಾನೆ. ಅದೇ ಹೆಸರಿಗೆ ಪಾರ್ಟ್ ಟು ಆರ್ಡರ್ (ಸೈನಿಕನ ದಾಖಲೆಗೆ ಸೇರುವ ಯೂನಿಟ್ ಆದೇಶ) ಆಗಿರುತ್ತದೆ. ಆಧಾರ್‌ನಲ್ಲಿ 'ಗಂಗಾ', ಪಾಸ್‌ಬುಕ್ಕಿನಲ್ಲಿ ಗಂಗವ್ವ, ಜೊತೆಗೊಂದು ಅಡ್ಡಹೆಸರು. ಗಂಡ ಇರುವವರೆಗೆ ಇದರಿಂದ ಯಾರಿಗೂ ತೊಂದರೆ ಇಲ್ಲ. ಅವರು ಹೋದ ಮರುದಿನದಿಂದ ನಾಲ್ಕು ಹೆಸರು ನಾಲ್ಕು ಹೆಂಗಸರಾಗುತ್ತಾರೆ. (ಹಾಗೆ ಬರೆದ ಕ್ಲರ್ಕುಗಳಲ್ಲಿ ನಾನೂ ಒಬ್ಬನಿರಬಹುದು. ಈಗ ತಿದ್ದುತ್ತಾ ಕೂತಿದ್ದೇನೆ.)

ಅದಕ್ಕೇ ಹೆಸರು ಹೊಂದದಿರುವ ಮನೆಗಳಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಗಂಡ ಬದುಕಿರುವಾಗಲೇ ತಿದ್ದಿಸಿ. ಅವರೇ ಸಹಿ ಮಾಡಿದ ಅರ್ಜಿ, ಅಫಿಡವಿಟ್, ಆಧಾರ್ ಪ್ರತಿ ಸೇರಿಸಿ ರೆಕಾರ್ಡ್ ಆಫೀಸಿಗೆ ಕಳಿಸಬೇಕು. ಮರಾಠಾದವರಿಗೆ ಬೆಳಗಾವಿ, ಮದ್ರಾಸ್ ರೆಜಿಮೆಂಟಿನವರಿಗೆ ವೆಲ್ಲಿಂಗ್ಟನ್, ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಅವರಿಗೆ ಬೆಂಗಳೂರು, ತೋಪಖಾನೆಯವರಿಗೆ ನಾಸಿಕ್. ಅಲ್ಲಿ ತಿದ್ದುಪಡಿ ಆದ ಮೇಲೆ ಕಾರಿಜೆಂಡಮ್ ಪಿಪಿಒ, ಅಂದರೆ ತಿದ್ದಿದ ಪಿಪಿಒ, ಬರುತ್ತದೆ. ತಿಂಗಳುಗಟ್ಟಲೆ ಹಿಡಿಯಬಹುದು. ಆದರೂ ಪಿಂಚಣಿದಾರರೇ ಸಹಿ ಹಾಕಿದ ಅರ್ಜಿಗೂ, ಅವರು ತೀರಿಕೊಂಡ ಮೇಲೆ ಅಜ್ಜಿ ಹೆಬ್ಬೆಟ್ಟು ಒತ್ತಿದ ಅರ್ಜಿಗೂ ಅಜಗಜಾಂತರ.

ಇನ್ನೊಂದು ಎಚ್ಚರಿಕೆ. ಈ ರಿಜಿಸ್ಟರ್ ಬೀಗದೊಳಗೆ ಇರಲಿ. ಆಧಾರ್, ಪಿಪಿಒ ಫೋಟೋಗಳನ್ನು ಗ್ರೂಪಿಗೆ ಹಾಕಬೇಡಿ. ಯಾರ ಸ್ಪರ್ಶ್ (ಸೇನಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ) ಪಾಸ್‌ವರ್ಡನ್ನೂ ಸಂಘದವರು ಬರೆದಿಟ್ಟುಕೊಳ್ಳಬೇಡಿ. ಅವರಾಗಿಯೇ "ನೀವೇ ಇಟ್ಕೊಳ್ರಿ ಸಾಹೇಬ್ರ" ಎಂದರೂ ಬೇಡ. ಪಿಂಚಣಿದಾರರಿಗೆ ಫೋನ್ ಮಾಡಿ ಒಟಿಪಿ ಕೇಳಿ ಖಾತೆ ಬರಿದು ಮಾಡುವವರಿಗೆ ಇಂಥ ಪಟ್ಟಿ ಅಂದರೆ ಹಬ್ಬ.

ಯಾರು ಸದಸ್ಯರು?

ಭೂಸೇನೆ, ನೌಕಾಪಡೆ, ವಾಯುಪಡೆಯ ನಿವೃತ್ತರ ಬಗ್ಗೆ ತಕರಾರಿಲ್ಲ. ಬಿಎಸ್‌ಎಫ್, ಸಿಆರ್‌ಪಿಎಫ್‌ನಿಂದ ಬಂದವರ ವಿಷಯ ಬಂದಾಗ ಸಭೆಯಲ್ಲಿ ದನಿ ಏರುತ್ತದೆ. ಸರ್ಕಾರದ ಲೆಕ್ಕದಲ್ಲಿ ಅವರು 'ಮಾಜಿ ಸೈನಿಕ' ವ್ಯಾಖ್ಯೆಯೊಳಗೆ ಬರುವುದಿಲ್ಲ. ಅವರ ಇಲಾಖೆ ಗೃಹ ಸಚಿವಾಲಯ. ಇಸಿಎಚ್‌ಎಸ್ ಇಲ್ಲ, ಕ್ಯಾಂಟೀನೂ ಬೇರೆ. ನಮ್ಮ ಮೇಜಿನ ಅರ್ಧ ಕೆಲಸ ಅವರಿಗೆ ಅನ್ವಯಿಸುವುದೇ ಇಲ್ಲ. ಆದರೆ ಊರಿನ ಜನರಿಗೆ ಇಬ್ಬರೂ ಮಿಲ್ಟ್ರಿಯವರೇ. ನನ್ನ ಅಭಿಪ್ರಾಯ ಕೇಳಿದರೆ, ಸಹ ಸದಸ್ಯರಾಗಿ ಸೇರಿಸಿಕೊಳ್ಳಿ, ಮತದ ವಿಷಯವನ್ನು ಬೈಲಾದಲ್ಲಿ ಮೊದಲೇ ಬರೆದುಬಿಡಿ. ಬರೆಯದೆ ಬಿಟ್ಟರೆ ಚುನಾವಣೆಯ ದಿನ ಗಲಾಟೆ ಗ್ಯಾರಂಟಿ.

ವೀರನಾರಿಯರಿಗೆ (ಸೇವೆಯಲ್ಲಿ ಪ್ರಾಣ ಕೊಟ್ಟ ಸೈನಿಕರ ಪತ್ನಿಯರು), ಮತ್ತು ಮಾಜಿ ಸೈನಿಕರ ಪತ್ನಿಯರಿಗೆ ಗಂಡ ತೀರಿಕೊಂಡ ಮೇಲೆ, ಪೂರ್ಣ ಸದಸ್ಯತ್ವ ಕೊಡಿ, ಮತ ಸಮೇತ. ಶಾಲು ಹೊದಿಸಿ ಹಣ್ಣು ಕೊಟ್ಟು ಕಳಿಸುವ 'ಗೌರವ ಸದಸ್ಯೆ' ಬೇಡ. ಕಾರ್ಯಕಾರಿ ಸಮಿತಿಯಲ್ಲಿ ಇಬ್ಬರಾದರೂ ಇರಲಿ. ನಮ್ಮ ಮೇಜಿಗೆ ಬರುವವರಲ್ಲಿ ಹೆಂಗಸರೇ ಜಾಸ್ತಿ. ಎದುರು ಕೂತಿರುವುದು ಇನ್ನೊಬ್ಬ ಹೆಂಗಸು ಎಂದರೆ ಅವರು ಬಾಯಿ ಬಿಟ್ಟು ಹೇಳುವ ಮಾತೇ ಬೇರೆ. ಮಗ ಎಟಿಎಂ ಕಾರ್ಡ್ ಕಸಿದುಕೊಂಡಿದ್ದಾನೆ ಅನ್ನೋದನ್ನ ಯಾವ ಅವ್ವನೂ ನನ್ನ ಮುಂದೆ ಹೇಳಿಲ್ಲ.

ಅಗ್ನಿವೀರರಿಗೂ ಬೈಲಾದಲ್ಲಿ ಈಗಲೇ ಜಾಗ ಮಾಡಿಡಿ. ಮೊದಲ ತಂಡದವರು 2022ರ ಕೊನೆಗೆ, 2023ರ ಆರಂಭಕ್ಕೆ ತರಬೇತಿ ಸೇರಿದರು. ನಾಲ್ಕು ವರ್ಷ ಮುಗಿದ ಮೇಲೆ ಕಾಯಂ ಆಗುವುದು ಗರಿಷ್ಠ ನೂರಕ್ಕೆ 25 ಜನ ಎಂಬುದು ಯೋಜನೆಯ ನಿಯಮ. ಉಳಿದವರು ಸೇವಾ ನಿಧಿಯ ಇಡುಗಂಟು ಹಿಡಿದು, ಪಿಂಚಣಿ ಇಲ್ಲದೆ ಇಪ್ಪತ್ಮೂರು, ಇಪ್ಪತ್ನಾಲ್ಕನೇ ವಯಸ್ಸಿಗೆ ಊರಿಗೆ ಬರುತ್ತಾರೆ. ಅವರಿಗೆ ಪಿಂಚಣಿ ಕಾಗದ ಬೇಕಾಗಿಲ್ಲ, ಮುಂದಿನ ಕೆಲಸದ ದಾರಿ ಬೇಕು.

ನೋಂದಣಿ ಮತ್ತು ದುಡ್ಡು

ಇದು ಕಷ್ಟದ ಕೆಲಸವೇನಲ್ಲ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಪ್ರಕಾರ ಕನಿಷ್ಠ ಏಳು ಜನ ಬೇಕು. ಉದ್ದೇಶಗಳನ್ನು ಬರೆದ ಜ್ಞಾಪನಾ ಪತ್ರ, ನಿಯಮಾವಳಿ, ಸದಸ್ಯರ ಗುರುತಿನ ದಾಖಲೆ, ವಿಳಾಸದ ದಾಖಲೆ ಹಿಡಿದು ಜಿಲ್ಲಾ ಸಂಘಗಳ ನೋಂದಣಾಧಿಕಾರಿಯ ಕಚೇರಿಗೆ ಅರ್ಜಿ ಹಾಕಬೇಕು. ಇದು ಸಹಕಾರ ಇಲಾಖೆಯ ಕೈಕೆಳಗೆ ಬರುತ್ತದೆ. ಪ್ರತಿ ವರ್ಷ ಸರ್ವಸದಸ್ಯರ ಸಭೆ ಕರೆದು, ಪದಾಧಿಕಾರಿಗಳ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕ ಸಲ್ಲಿಸಬೇಕು. ಬಹಳ ಸಂಘಗಳು ಎಡವುವುದು ಈ ವಾರ್ಷಿಕ ಕೆಲಸದಲ್ಲಿ. ಮೊದಲ ವರ್ಷ ಉತ್ಸಾಹ, ನಾಲ್ಕನೇ ವರ್ಷ ನೋಟಿಸ್.

ಲೆಟರ್‌ಹೆಡ್ ಮಾಡಿಸುವಾಗ ನಾಲ್ಕು ಸಿಂಹದ ಲಾಂಛನ ಹಾಕಬೇಡಿ. ಖಾಸಗಿ ಸಂಘ ರಾಷ್ಟ್ರ ಲಾಂಛನ ಬಳಸುವುದಕ್ಕೆ ಕಾನೂನಿನಲ್ಲೇ ನಿಷೇಧ ಇದೆ. ಪ್ರಿಂಟಿಂಗ್ ಪ್ರೆಸ್‌ನವರು ಪ್ರೀತಿಯಿಂದ ತಾವೇ ಸೇರಿಸಿರುತ್ತಾರೆ, ಪ್ರೂಫ್ ನೋಡಿ ತೆಗೆಸಿ.

ಸಂಘದ ಹೆಸರಿನಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಇಬ್ಬರ ಸಹಿ. ವರ್ಷದ ಚಂದಾ ಎಲ್ಲರ ಕೈಗೆಟುಕುವಷ್ಟು ಇರಲಿ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದ ಹೆಸರಿನಲ್ಲಿ ಸಂಘ ತಾನೇ ರಸೀದಿ ಹರಿದು ಚಂದಾ ಎತ್ತುವುದು ಬೇಡ. ಆ ನಿಧಿಗೆ ಸೈನಿಕ ಕಲ್ಯಾಣ ಇಲಾಖೆಯ ದಾರಿ ಇದೆ, ಅವರ ಜೊತೆ ಸೇರಿ ಮಾಡಿ.

ಒಂದು ಮಾತನ್ನು ಬೈಲಾದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ. ಪಿಂಚಣಿ ಬಾಕಿ ಬಂದಾಗ ಅದರಲ್ಲಿ ಶೇಕಡಾವಾರು ಪಾಲು ತೆಗೆದುಕೊಳ್ಳುವ ಯಾವ ಸದಸ್ಯನೂ ಸಂಘದಲ್ಲಿ ಇರುವ ಹಾಗಿಲ್ಲ. ಇದು ಸುಮ್ನೆ ಹೇಳುವ ಮಾತಲ್ಲ. ಲಕ್ಷಗಟ್ಟಲೆ ಬಾಕಿ ಬಂದ ಮನೆಯ ಸುತ್ತ ಏಜೆಂಟರು ಹದ್ದಿನ ಹಾಗೆ ಸುತ್ತುತ್ತಾರೆ. ನಮ್ಮವರೇ ಆ ಕೆಲಸಕ್ಕೆ ಇಳಿದರೆ ಅಜ್ಜಿ ಆಮೇಲೆ ಯಾರ ಹತ್ತಿರ ಹೋಗಬೇಕು?

ಸಂತೆ ದಿನ ಬೆಳಿಗ್ಗೆ ಹತ್ತರಿಂದ

ಕಚೇರಿ ಕಟ್ಟಡ ಇಲ್ಲ ಅಂತ ಕಾಯಬೇಡಿ. ಗುಡಿಯ ಪಡಸಾಲೆ, ಶಾಲೆಯ ಕೋಣೆ, ಯಾರದೋ ಅಂಗಡಿಯ ಕಟ್ಟೆ ಯಾವುದಾದರೂ ಸಾಕು. ವಾರಕ್ಕೊಂದು ದಿನ ಕೂತರೆ ಸಾಕು, ಆದರೆ ಆ ದಿನ ತಪ್ಪಬಾರದು. ನಮ್ಮಲ್ಲಿ ಸಂತೆ ದಿನ ಇಟ್ಟಿದ್ದೇವೆ. ಹಳ್ಳಿಯವರು ಹೇಗಿದ್ದರೂ ಬರುತ್ತಾರೆ, ಬಸ್ ಖರ್ಚು ಬೇರೆ ಆಗುವುದಿಲ್ಲ. ಭಾನುವಾರ ಇಟ್ಟು ನೋಡಿದ್ದೆವು, ಇಸ್ಪೀಟು ಆಡುವವರು ಮಾತ್ರ ಬಂದರು.

ಬಂದವರ ಕಾಗದ ಕೈಯಲ್ಲಿ ಇಟ್ಟುಕೊಳ್ಳಬೇಡಿ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಮೂಲ ಪ್ರತಿ ಅವರ ಎದುರೇ ಚೀಲಕ್ಕೆ ಹಾಕಿ ಕೊಡಿ. ಪ್ರತಿ ಅರ್ಜಿಗೂ ಒಂದು ನಂಬರ್, ದಿನಾಂಕ, ಎಲ್ಲಿಗೆ ಕಳಿಸಿದೆ, ಮುಂದೆ ಯಾವಾಗ ವಿಚಾರಿಸಬೇಕು. ಸ್ಪೀಡ್ ಪೋಸ್ಟಿನ ರಸೀದಿಯನ್ನು ಅದೇ ಪುಟಕ್ಕೆ ಅಂಟಿಸಿ.

ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿ ನಿಮ್ಮ ಮೊದಲ ಬಾಗಿಲು. ರಾಜ್ಯದ ಎಲ್ಲ ಜಿಲ್ಲೆಗೂ ಪ್ರತ್ಯೇಕ ಕಚೇರಿ ಇಲ್ಲ, ಕೆಲವು ಕಚೇರಿಗಳು ಪಕ್ಕದ ಜಿಲ್ಲೆಯನ್ನೂ ನೋಡಿಕೊಳ್ಳುತ್ತವೆ. ನಿಮ್ಮದು ಎಲ್ಲಿಗೆ ಸೇರುತ್ತದೆ ಅಂತ ಮೊದಲೇ ತಿಳಿದುಕೊಳ್ಳಿ. ಗುರುತಿನ ಚೀಟಿ, ಅವಲಂಬಿತರ ಕಾರ್ಡ್, ಮಕ್ಕಳ ಸೀಟಿಗೆ ಬೇಕಾದ ಪ್ರಮಾಣ ಪತ್ರ, ನೆರವಿಗಾಗಿ ಕೇಂದ್ರ ಸರ್ಕಾರದ ಕೇಂದ್ರೀಯ ಸೈನಿಕ ಮಂಡಳಿಗೆ ಹಾಕುವ ಅರ್ಜಿಯ ಪರಿಶೀಲನೆ ಎಲ್ಲ ಅಲ್ಲಿಯೇ. ಸಂಘದಿಂದ ಒಬ್ಬರು ತಿಂಗಳಿಗೊಮ್ಮೆ ಹತ್ತು ಜನರ ಕೆಲಸ ಒಟ್ಟಿಗೆ ಹಿಡಿದು ಹೋಗಿ ಬಂದರೆ ಹತ್ತು ಜನರ ಕೂಲಿ ಉಳಿಯುತ್ತದೆ.

ಇಸಿಎಚ್‌ಎಸ್ ಬಗ್ಗೆ ಒಂದೇ ವಿಷಯ ಗೋಡೆಗೆ ಬರೆದು ಹಚ್ಚಿ. ಪ್ರಾಣಾಪಾಯ ಇದ್ದಾಗ ಹತ್ತಿರದ ಯಾವ ಆಸ್ಪತ್ರೆಗಾದರೂ ಸೇರಿಸಬಹುದು, ಆದರೆ 48 ಗಂಟೆಯೊಳಗೆ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ತಿಳಿಸದಿದ್ದರೆ ಬಿಲ್ಲಿನ ಹಣ ಸಿಗುವುದು ಕಷ್ಟ. ರಾತ್ರಿ ಎದೆನೋವು ಬಂದ ಮನೆಯಲ್ಲಿ ಇದನ್ನೆಲ್ಲ ನೆನಪಿಟ್ಟುಕೊಳ್ಳುವವರು ಯಾರು? ಅದಕ್ಕೇ ಆ ಫೋನ್ ಮಾಡುವ ಕೆಲಸ ಸಂಘದ ಒಬ್ಬರಿಗೆ ವಹಿಸಿ, ಅವರ ನಂಬರ್ ಎಲ್ಲರ ಕಾರ್ಡಿನ ಹಿಂದೆ ಬರೆಸಿ.

ನವೆಂಬರ್ ತಿಂಗಳು

ಜೀವನ ಪ್ರಮಾಣ ಪತ್ರದ ತಿಂಗಳು ಇದು. ಎಂಬತ್ತು ದಾಟಿದವರು ಅಕ್ಟೋಬರ್‌ನಲ್ಲೇ ಕೊಡಬಹುದು. ಸ್ಪರ್ಶ್‌ಗೆ ಹೋದವರ ಗಡುವು ಅವರವರ ಖಾತೆಯಲ್ಲಿ ಕಾಣುತ್ತದೆ, ಅದನ್ನು ರಿಜಿಸ್ಟರಿಗೆ ಇಳಿಸಿಕೊಳ್ಳಿ. ಗಡುವು ತಪ್ಪಿದರೆ ಪಿಂಚಣಿ ನಿಲ್ಲುತ್ತದೆ.

ಸಾಮಾನ್ಯ ಸೇವಾ ಕೇಂದ್ರದ ಹುಡುಗನನ್ನು ಕರೆಸಿ ಎರಡು ದಿನ ಶಿಬಿರ ಮಾಡಿ. ಮೂರು ತೊಂದರೆ ಬಂದೇ ಬರುತ್ತವೆ. ಕಬ್ಬು ಕಡಿದು, ತಂಬಾಕು ಕೊಯ್ದು ಸವೆದ ಬೆರಳನ್ನು ಯಂತ್ರ ಓದುವುದಿಲ್ಲ. ಆಗ ಮುಖ ನೋಡಿ ಗುರುತಿಸುವ ಮೊಬೈಲ್ ಆ್ಯಪ್ ಬಳಸಿ. ಬೆಳಕು ಮುಖದ ಮೇಲೆ ಬೀಳುವ ಹಾಗೆ ಅಂಗಳದಲ್ಲಿ ಕೂರಿಸಿ, ಅಜ್ಜನಿಗೆ ಕಣ್ಣು ಪಿಳುಕಿಸಲು ಹೇಳಿ. ಎರಡನೆಯದು, ಪಿಂಚಣಿ ಕೊಡುವ ಸಂಸ್ಥೆ ಎಂಬಲ್ಲಿ ಹುಡುಗ ಅಭ್ಯಾಸಬಲದಿಂದ ಬ್ಯಾಂಕಿನ ಹೆಸರು ಒತ್ತುತ್ತಾನೆ. ಸ್ಪರ್ಶ್‌ನವರಿಗೆ ಅಲ್ಲಿ ಸ್ಪರ್ಶ್ ಎಂದೇ ಆರಿಸಬೇಕು. ಮೂರನೆಯದು, ಹಳೆಯ ಪಿಪಿಒ ನಂಬರ್ ಹಾಕುವುದು. ಸ್ಪರ್ಶ್ ಕೊಟ್ಟ 12 ಅಂಕಿಯ ಹೊಸ ನಂಬರ್ ಹಾಕಬೇಕು. ಈ ಕೊನೆಯ ಎರಡು ತಪ್ಪಾದರೆ 'ಆಯ್ತು' ಅಂತ ಮೆಸೇಜ್ ಬಂದರೂ ಆಮೇಲೆ ತಿರಸ್ಕಾರ ಆಗುತ್ತದೆ. ಒಂದು ವರ್ಷ ನಮ್ಮ ಶಿಬಿರದಲ್ಲೇ ಹೀಗಾಗಿ, ಜನವರಿಯಲ್ಲಿ ಎಲ್ಲರ ಮನೆಗೆ ಮತ್ತೆ ಅಲೆದೆವು. ಅದಕ್ಕೇ ಹದಿನೈದು ದಿನ ಬಿಟ್ಟು ಸ್ಥಿತಿ ನೋಡಿ, ಪಕ್ಕಾ ಆದ ಮೇಲೆ ರಿಜಿಸ್ಟರಿನಲ್ಲಿ ಟಿಕ್ ಹಾಕಿ.

ಸಾವಿನ ಮನೆಯಲ್ಲಿ

ಸುದ್ದಿ ಬಂದ ದಿನ ಹೂವಿನ ಹಾರ ಹಿಡಿದು ಹೋಗಿ. ಇಬ್ಬರು ಸಾಲಾಗಿ ನಿಂತು ಸೆಲ್ಯೂಟ್ ಕೊಟ್ಟರೂ ಮನೆಯವರಿಗೆ ಅದು ದೊಡ್ಡದು. ರಾಷ್ಟ್ರಧ್ವಜ ಹೊದಿಸುವ ವಿಷಯದಲ್ಲಿ ಮಾತ್ರ ಜಾಗ್ರತೆ. ಸರ್ಕಾರಿ ಅಥವಾ ಸೇನಾ ಗೌರವದ ಅಂತ್ಯಕ್ರಿಯೆ ಬಿಟ್ಟರೆ, ಖಾಸಗಿ ಅಂತ್ಯಕ್ರಿಯೆಯಲ್ಲಿ ಧ್ವಜ ಹೊದಿಸಲು ಧ್ವಜ ಸಂಹಿತೆ ಒಪ್ಪುವುದಿಲ್ಲ. ಬಹಳ ಊರುಗಳಲ್ಲಿ ಹೊದಿಸುತ್ತಾರೆ, ಪ್ರೀತಿಯಿಂದಲೇ. ಅಲ್ಲಿ ನಿಂತು ವಾದ ಮಾಡುವ ಹೊತ್ತೂ ಅಲ್ಲ ಅದು. ಅದಕ್ಕೇ ನಾವು ಸಂಘದ್ದೇ ಒಂದು ಬಾವುಟ ಹೊಲಿಸಿಟ್ಟಿದ್ದೇವೆ. ಅದನ್ನು ಹೊದಿಸುತ್ತೇವೆ, ಆಮೇಲೆ ಮಡಚಿ ಮನೆಯವರ ಕೈಗೆ ಕೊಡುತ್ತೇವೆ.

ಮೂರನೇ ದಿನದ ಹೊತ್ತಿಗೆ ಮಗನನ್ನೋ ಅಳಿಯನನ್ನೋ ಪಕ್ಕಕ್ಕೆ ಕರೆದು ಮೆಲ್ಲಗೆ ಎರಡು ಮಾತು ಹೇಳಿ. ಒಂದು, ತೀರಿಕೊಂಡವರ ಖಾತೆಯಿಂದ ಎಟಿಎಂನಲ್ಲಿ ಪಿಂಚಣಿ ತೆಗೆಯಬೇಡಿ. ಸತ್ತ ದಿನದ ನಂತರದ್ದು ಎಂದು ಬಂದ ಹಣವನ್ನು ವಾಪಸ್ ಹಿಡಿಯುತ್ತಾರೆ, ಕೊನೆಗೆ ಅದು ತಾಯಿಯ ಕುಟುಂಬ ಪಿಂಚಣಿಯಿಂದಲೇ ಕಡಿತ ಆಗುತ್ತದೆ. ಎರಡು, ಮರಣವನ್ನು 21 ದಿನದೊಳಗೆ ನೋಂದಾಯಿಸಿ, ಪ್ರಮಾಣ ಪತ್ರದಲ್ಲಿ ಹೆಸರು ಪಿಪಿಒದಲ್ಲಿ ಇರುವ ಹಾಗೆಯೇ ಬರೆಸಿ. ಅಡ್ಡಹೆಸರು ಬೇಕಾ ಬೇಡವಾ ಅನ್ನೋದು ಇಲ್ಲಿಯೇ ತೀರ್ಮಾನ ಆಗಬೇಕು.

ಉಳಿದದ್ದು ದಿನ ತುಂಬಿದ ಮೇಲೆ. ಸ್ಪರ್ಶ್‌ನಲ್ಲಿ ಮರಣದ ವರದಿ ಕೊಡಬೇಕು. ಪಿಪಿಒದಲ್ಲಿ ಪತ್ನಿಯ ಹೆಸರು ಸೇರಿದ್ದು, ಆಧಾರ್‌ಗೆ ಹೊಂದಿದ್ದರೆ ಕುಟುಂಬ ಪಿಂಚಣಿ ಶುರುವಾಗಲು ಹೆಚ್ಚು ಅಲೆದಾಟ ಇಲ್ಲ. ಹೆಸರೇ ಸೇರಿಲ್ಲದಿದ್ದರೆ ಕಡತ ರೆಕಾರ್ಡ್ ಆಫೀಸಿಗೆ ಹೋಗಬೇಕು. ಆಮೇಲೆ ಅವ್ವನ ಹೆಸರಿನ ಗುರುತಿನ ಚೀಟಿ, ಇಸಿಎಚ್‌ಎಸ್ ಕಾರ್ಡ್, ಕ್ಯಾಂಟೀನ್ ಕಾರ್ಡ್. ಪಿಂಚಣಿ ನಿಂತು ಹೊಸದು ಶುರುವಾಗುವ ನಡುವಿನ ತಿಂಗಳುಗಳಲ್ಲಿ ಮನೆಯಲ್ಲಿ ರೇಷನ್ ಇದೆಯಾ ಅಂತ ಒಬ್ಬರು ಹೋಗಿ ನೋಡಿ ಬನ್ನಿ. ಜಮೀನಿನ ತಕರಾರು ಎದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಉಚಿತ ವಕೀಲರು ಸಿಗುತ್ತಾರೆ.

ಪಿಂಚಣಿ ಇಲ್ಲದವರ ಪುಟ

ರಿಜಿಸ್ಟರಿನಲ್ಲಿ ಇವರಿಗೆ ಬೇರೆ ಪುಟ ಮಾಡಿ. ಹವಾಲ್ದಾರ್ ದರ್ಜೆಯವರೆಗಿನ, 65 ದಾಟಿದ, ಪಿಂಚಣಿ ಇಲ್ಲದ ಮಾಜಿ ಸೈನಿಕರಿಗೆ ಮತ್ತು ಅಂಥವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ರಕ್ಷಣಾ ಮಂತ್ರಿಗಳ ನಿಧಿಯಿಂದ ಮಾಸಿಕ ನೆರವು ಇದೆ. ತಿಂಗಳಿಗೆ 4,000 ರೂಪಾಯಿ ಇದ್ದದ್ದನ್ನು 2025ರ ನವೆಂಬರ್ 1ರಿಂದ ಹಾಕಿದ ಅರ್ಜಿಗಳಿಗೆ 8,000 ಮಾಡಿದ್ದಾರೆ. ಅದೇ ಆದೇಶದಲ್ಲಿ ಮಕ್ಕಳ ಓದಿನ ನೆರವು ತಿಂಗಳಿಗೆ 1,000ದಿಂದ 2,000ಕ್ಕೆ, ಮಗಳ ಮದುವೆಯ ನೆರವು 50,000ದಿಂದ 1,00,000ಕ್ಕೆ ಏರಿದೆ. ಎರಡೂ ಇಬ್ಬರು ಮಕ್ಕಳವರೆಗೆ. ಅರ್ಜಿ ಆನ್‌ಲೈನ್, ಪರಿಶೀಲನೆ ಜಿಲ್ಲಾ ಕಚೇರಿಯಲ್ಲಿ.

ಎಂಜಿನಿಯರಿಂಗ್, ವೈದ್ಯಕೀಯದಂಥ ವೃತ್ತಿ ಕೋರ್ಸಿನ ಮೊದಲ ವರ್ಷಕ್ಕೆ ಸೇರಿದ ಮಕ್ಕಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಬೇರೆ ಇದೆ. ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500. ಇದು ಪಿಂಚಣಿ ಬರುವವರ ಮಕ್ಕಳಿಗೂ ಸಿಗುತ್ತದೆ.

ಹವಾಲ್ದಾರ್ ಆಗಿದ್ದವರು ನೆರವಿಗೆ ಕೈ ಚಾಚಲು ನಾಚುತ್ತಾರೆ. "ಭಿಕ್ಷಾ ಬ್ಯಾಡ್ರಿ" ಅನ್ನುತ್ತಾರೆ. ಅದು ಅವರ ಹೆಸರಿನಲ್ಲೇ ಕೂಡಿದ ನಿಧಿ, ಬೇರೆಯವರದಲ್ಲ ಅಂತ ತಿಳಿಸಿ ಹೇಳಿ. ಒಬ್ಬರೇ ಇದ್ದಾಗ ಹೇಳಿ, ಸಭೆಯಲ್ಲಿ ಬೇಡ.

ಮೈದಾನ ಮತ್ತು ಹೊಳೆ

ಊರಿಗೂ ಸಂಘದಿಂದ ಏನಾದರೂ ಸಿಗಬೇಕಲ್ವಾ. ಬೆಳಿಗ್ಗೆ ಐದಕ್ಕೆ ಎದ್ದು ಓಡುವ ಅಭ್ಯಾಸ ಬಿಡದ ಹಿರಿಯರು ಪ್ರತಿ ಸಂಘದಲ್ಲೂ ಒಬ್ಬರಿರುತ್ತಾರೆ. ಅವರಿಗೆ ಸೈನ್ಯದ ಭರ್ತಿಗೆ ಹೋಗುವ ಹುಡುಗರನ್ನು ಒಪ್ಪಿಸಿ. 1.6 ಕಿಲೋಮೀಟರ್ ಓಟ, ಪುಲ್ ಅಪ್, ಒಂಬತ್ತು ಅಡಿ ಹಳ್ಳ ಜಿಗಿತ, ಇಷ್ಟಕ್ಕೆ ಖರ್ಚೇನೂ ಇಲ್ಲ. ಆದರೆ ಈಗ ಓಟಕ್ಕೂ ಮೊದಲು ಆನ್‌ಲೈನ್ ಪರೀಕ್ಷೆ ಇದೆ, ಕಾಲು ಗಟ್ಟಿ ಇದ್ದ ಹುಡುಗರು ಗಣಿತದಲ್ಲಿ ಬೀಳುತ್ತಾರೆ. ನಿವೃತ್ತ ಮೇಷ್ಟ್ರೊಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. "ದುಡ್ಡು ಕೊಟ್ಟರೆ ಸೇರಿಸುತ್ತೇನೆ" ಅನ್ನುವವರ ಬಗ್ಗೆ ಅಪ್ಪಂದಿರಿಗೆ ಮೊದಲ ದಿನವೇ ಎಚ್ಚರಿಕೆ ಹೇಳಿ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದ್ದು ನಮ್ಮ ಜಿಲ್ಲೆಯವರಿಗೆ ಮರೆತಿಲ್ಲ. ಹಗ್ಗ ಕಟ್ಟಲು ಬಲ್ಲವರು, ಬೋಟ್ ನಡೆಸಿದವರು, ಗಾಯಕ್ಕೆ ಪಟ್ಟಿ ಕಟ್ಟುವ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವರು, ಭಾರಿ ಗಾಡಿ ಓಡಿಸಿದವರು ಯಾರ‍್ಯಾರು ಅಂತ ರಿಜಿಸ್ಟರಿನಲ್ಲಿ ಬರೆದಿಡಿ. ಮಳೆಗಾಲ ಶುರುವಾಗುವ ಮೊದಲು ಆ ಪಟ್ಟಿಯ ಒಂದು ಪ್ರತಿ ತಹಶೀಲ್ದಾರರ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಕಾರ್ಯಕ್ರಮಗಳು ಮೂರು ನಾಲ್ಕು ಸಾಕು. ಜನವರಿ 14ರ ಮಾಜಿ ಸೈನಿಕರ ದಿನ ತಪ್ಪಿಸಬೇಡಿ. 1953ರಲ್ಲಿ ನಮ್ಮ ಕೊಡಗಿನ ಕಾರ್ಯಪ್ಪನವರು ಸೇವೆಯಿಂದ ನಿವೃತ್ತರಾದ ದಿನ ಅದು. ಜುಲೈ 26ರ ಕಾರ್ಗಿಲ್ ವಿಜಯ ದಿನ, ಡಿಸೆಂಬರ್ 16ರ 1971ರ ವಿಜಯ ದಿನ ಇದ್ದೇ ಇವೆ. ವೇದಿಕೆ ಮೇಲೆ ಯಾವ ಪಕ್ಷದ ಶಾಲೂ ಬೇಡ. ಕುರ್ಚಿಗಳನ್ನು ರ‍್ಯಾಂಕ್ ನೋಡಿ ಹಾಕಬೇಡಿ, ವಯಸ್ಸು ನೋಡಿ ಹಾಕಿ.

ಕೊನೆಯದಾಗಿ, ಎರಡು ವರ್ಷಕ್ಕೊಮ್ಮೆ ಮೇಜಿನಲ್ಲಿ ಕೂರುವವರನ್ನು ಬದಲಿಸಿ. ಹೊಸಬರು ಮೂರು ತಿಂಗಳು ಹಳಬರ ಪಕ್ಕದಲ್ಲಿ ಕೂತು ಕಲಿಯಲಿ. ನನ್ನ ಪಕ್ಕದಲ್ಲಿ ಈಗ ಒಬ್ಬ ವೀರನಾರಿ ಕೂರುತ್ತಾರೆ, ಪಿಯುಸಿ ಓದಿದವರು. ಹೋದ ವಾರ ಬಂದ ಅಜ್ಜಿಯ ಪಿಪಿಒದಲ್ಲಿ ಹುಟ್ಟಿದ ವರ್ಷ ತಪ್ಪಿದೆ ಅಂತ ನನಗಿಂತ ಮೊದಲು ಅವರೇ ಕಂಡುಹಿಡಿದು ಕೆಂಪು ಪೆನ್ನು ಕೇಳಿದರು.